ಬ್ಯಾಡ್ ಬ್ರೇನ್ಸ್: ಹಾರ್ಡ್‌ಕೋರ್ ಪಂಕ್‌ಗೆ ಆ ವೇಗ ಎಲ್ಲಿಂದ ಬಂತು?

ಅಮೆರಿಕದ ಬಾಲ್ಟಿಮೋರ್ ನಗರದ ಟರ್ನ್‌ಸ್ಟೈಲ್ ಎಂಬ ತಂಡಕ್ಕೆ 2023ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಮೂರು ನಾಮನಿರ್ದೇಶನಗಳು ಸಿಕ್ಕವು. ಅದು ಹಾರ್ಡ್‌ಕೋರ್ ಪಂಕ್ ಪರಂಪರೆಯಿಂದ ಬಂದ ತಂಡ. ದಶಕಗಳ ಕಾಲ ಸಣ್ಣ ಕ್ಲಬ್ಬು, ನೆಲಮಾಳಿಗೆ, ಬಾಡಿಗೆ ಸಭಾಂಗಣಗಳಲ್ಲೇ ಬೆಳೆದ ಈ ಸಂಗೀತ ಈಗ ದೊಡ್ಡ ಉತ್ಸವಗಳ ವೇದಿಕೆ ಏರಿದೆ. ಮೊಬೈಲ್ ಮೂಲಕ ನಮ್ಮ ಮನೆಯ ಹದಿಹರೆಯದವರ ಕಿವಿಗೂ ತಲುಪಿದೆ. ಪಕ್ಕದ ಕೋಣೆಯಿಂದ ಅದನ್ನು ಮೊದಲ ಸಲ ಕೇಳಿಸಿಕೊಂಡವರಿಗೆ ಹುಟ್ಟುವ ಪ್ರಶ್ನೆ ಸಹಜವಾದದ್ದೇ: ಇಷ್ಟು ವೇಗ ಯಾಕೆ, ಇಷ್ಟು ಕೂಗು ಯಾಕೆ, ಇದರಲ್ಲಿ ಸಂಗೀತ ಎಲ್ಲಿದೆ?

ಉತ್ತರಕ್ಕಾಗಿ ಬಾಲ್ಟಿಮೋರಿನಿಂದ ಸುಮಾರು 60 ಕಿಲೋಮೀಟರ್ ದೂರದ ವಾಷಿಂಗ್ಟನ್ ಡಿ.ಸಿ.ಗೆ, 1970ರ ದಶಕದ ಕೊನೆಯ ವರ್ಷಗಳಿಗೆ ಹೋಗಬೇಕು. ಅಲ್ಲಿ ನಾಲ್ವರು ಆಫ್ರಿಕನ್-ಅಮೆರಿಕನ್ ಯುವಕರು ಬ್ಯಾಡ್ ಬ್ರೇನ್ಸ್ ಎಂಬ ತಂಡ ಕಟ್ಟಿದರು. ಹಾರ್ಡ್‌ಕೋರ್ ಎಂದರೆ ನುಡಿಸಲು ಬಾರದವರ ಗದ್ದಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತನ್ನು ಇವರ ಕಥೆಯಷ್ಟು ಸ್ಪಷ್ಟವಾಗಿ ಸುಳ್ಳು ಮಾಡುವ ಇನ್ನೊಂದು ಕಥೆ ನನಗೆ ಗೊತ್ತಿಲ್ಲ.

ಮೊದಲು, ಪಂಕ್ ಎಂದರೆ ಏನು?

1970ರ ದಶಕದ ಮಧ್ಯಭಾಗಕ್ಕೆ ರಾಕ್ ಸಂಗೀತ ಬಹಳ ದೊಡ್ಡದಾಗಿ ಬೆಳೆದಿತ್ತು. ಕ್ರೀಡಾಂಗಣಗಳಲ್ಲಿ ಕಛೇರಿ, ಹತ್ತು ನಿಮಿಷದ ಗಿಟಾರ್ ಆಲಾಪ, ದುಬಾರಿ ಸ್ಟುಡಿಯೊ. ಕೇಳುವವರಿಗೂ ನುಡಿಸುವವರಿಗೂ ನಡುವೆ ದೊಡ್ಡ ಕಂದಕ ಬಿದ್ದಿತ್ತು. ಆಗ ನ್ಯೂಯಾರ್ಕ್‌ನಲ್ಲಿ ರಮೋನ್ಸ್ ಎಂಬ ತಂಡ ಎರಡು ನಿಮಿಷದ, ಮೂರೇ ಸ್ವರಮೇಳಗಳ ಹಾಡುಗಳನ್ನು ಬಿರುಸಾಗಿ ನುಡಿಸತೊಡಗಿತು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ. ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್, ದಿ ಡ್ಯಾಮ್ಡ್ ತಂಡಗಳು ಹುಟ್ಟಿಕೊಂಡವು. ವರ್ಷಗಟ್ಟಲೆ ಕಲಿಯುವ ತನಕ ಕಾಯಬೇಕಿಲ್ಲ, ಹೇಳಲು ಏನಾದರೂ ಇದ್ದರೆ ಇಂದೇ ವೇದಿಕೆ ಹತ್ತಬಹುದು ಎನ್ನುವುದು ಪಂಕ್ ಕೊಟ್ಟ ಧೈರ್ಯ.

ಹಾರ್ಡ್‌ಕೋರ್ ಅದರ ಮುಂದಿನ ಹೆಜ್ಜೆ. 1978ರಿಂದ 1981ರ ನಡುವೆ ಕ್ಯಾಲಿಫೋರ್ನಿಯದಲ್ಲಿ ಬ್ಲ್ಯಾಕ್ ಫ್ಲ್ಯಾಗ್, ಡೆಡ್ ಕೆನಡಿಸ್ ಮುಂತಾದ ತಂಡಗಳು ಪಂಕ್ ಅನ್ನು ಇನ್ನಷ್ಟು ವೇಗಗೊಳಿಸಿ, ಇನ್ನಷ್ಟು ಚಿಕ್ಕದಾಗಿಸಿ, ಇನ್ನಷ್ಟು ಕಟುವಾಗಿಸಿದವು. ಪಂಕ್ ಅಷ್ಟರಲ್ಲಿ ಉಡುಪಿನ ಫ್ಯಾಷನ್ ಆಗಿ ಮಾರಾಟವಾಗುತ್ತಿತ್ತು. ಹಾರ್ಡ್‌ಕೋರ್‌ನವರು ಸಾದಾ ಟೀ ಶರ್ಟು ತೊಟ್ಟು, ತಮ್ಮ ರೆಕಾರ್ಡುಗಳನ್ನು ತಾವೇ ಅಚ್ಚು ಹಾಕಿಸಿ, ತಮ್ಮ ಕಛೇರಿಗಳನ್ನು ತಾವೇ ಏರ್ಪಡಿಸಿದರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಈ ಸಂಗೀತಕ್ಕೆ ರೂಪ ಕೊಟ್ಟವರಲ್ಲಿ ಬ್ಯಾಡ್ ಬ್ರೇನ್ಸ್ ಮೊದಲಿಗರು.

ಜಾಝ್ ಫ್ಯೂಷನ್ ನುಡಿಸುತ್ತಿದ್ದ ಗೆಳೆಯರು

ಈ ತಂಡ ಪಂಕ್‌ನಿಂದ ಆರಂಭವಾಗಲಿಲ್ಲ. 1976ರ ಸುಮಾರಿಗೆ ಇವರ ತಂಡದ ಹೆಸರು ಮೈಂಡ್ ಪವರ್. ಗಿಟಾರಿಗೆ ಗ್ಯಾರಿ ಮಿಲ್ಲರ್, ಮುಂದೆ ಡಾಕ್ಟರ್ ನೋ ಎಂದು ಹೆಸರಾದವನು. ತಗ್ಗು ಸ್ವರಗಳನ್ನು ನುಡಿಸುವ ಬೇಸ್ ಗಿಟಾರಿಗೆ ಡ್ಯಾರಿಲ್ ಜೆನಿಫರ್. ಡ್ರಮ್ಸ್‌ಗೆ ಅರ್ಲ್ ಹಡ್ಸನ್. ಅವನ ಅಣ್ಣ ಪಾಲ್ ಹಡ್ಸನ್ ಮುಂದೆ ತಂಡದ ಗಾಯಕನಾದ. ಜಗತ್ತು ಅವನನ್ನು ಎಚ್.ಆರ್. ಎಂದೇ ಬಲ್ಲದು. ಹ್ಯೂಮನ್ ರೈಟ್ಸ್, ಅಂದರೆ ಮಾನವ ಹಕ್ಕುಗಳು ಎಂಬುದರ ಮೊದಲಕ್ಷರಗಳವು.

ಇವರು ಆಗ ನುಡಿಸುತ್ತಿದ್ದುದು ಜಾಝ್ ಫ್ಯೂಷನ್: ಜಾಝ್‌ನ ಮನೋಧರ್ಮವನ್ನೂ ರಾಕ್‌ನ ವಿದ್ಯುತ್ ವಾದ್ಯಗಳನ್ನೂ ಬೆಸೆದ, ಲೆಕ್ಕಾಚಾರ ತುಂಬಿದ ಸಂಗೀತ. ಅವರ ಆದರ್ಶಗಳು ಚಿಕ್ ಕೊರಿಯಾ ಅವರ ರಿಟರ್ನ್ ಟು ಫಾರೆವರ್ ಮತ್ತು ಜಾನ್ ಮೆಕ್ಲಾಫ್ಲಿನ್ ಅವರ ಮಹಾವಿಷ್ಣು ಆರ್ಕೆಸ್ಟ್ರಾ. ಈ ಎರಡನೆಯ ಹೆಸರು ನಮಗೆ ತೀರ ಅಪರಿಚಿತವಲ್ಲ. ಶ್ರೀ ಚಿನ್ಮಯ್ ಅವರ ಶಿಷ್ಯರಾಗಿದ್ದ ಮೆಕ್ಲಾಫ್ಲಿನ್ ಅವರಿಗೆ ಮಹಾವಿಷ್ಣು ಎಂಬ ಹೆಸರು ಬಂದದ್ದು ಗುರುಗಳಿಂದ. ವೀಣೆಯನ್ನೂ ಅಭ್ಯಾಸ ಮಾಡಿದ ಅವರು ಮುಂದೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಂದಿಗೆ ಶಕ್ತಿ ತಂಡ ಕಟ್ಟಿದರು. ಐದು, ಏಳರ ಎಣಿಕೆಯ ನಡೆಗಳು, ಬಿಡುವಿಲ್ಲದ ದ್ರುತಗತಿ, ನಾಲ್ಕಾರು ವಾದ್ಯಗಳು ಒಂದೇ ಉಸಿರಿನಲ್ಲಿ ನಿಂತು ಒಂದೇ ಉಸಿರಿನಲ್ಲಿ ಹೊರಡುವುದು ಮಹಾವಿಷ್ಣು ಆರ್ಕೆಸ್ಟ್ರಾದ ಗುಣ. ವಾಷಿಂಗ್ಟನ್ನಿನ ಅಂಚಿನ ಬಡಾವಣೆಗಳ ಈ ಹುಡುಗರು ಕೈ ಪಳಗಿಸಿಕೊಂಡದ್ದು ಅಂಥ ಸಂಗೀತದ ಮೇಲೆ.

ಅವರಿಗೆ ಪಂಕ್ ರೆಕಾರ್ಡುಗಳನ್ನು ಕೇಳಿಸಿದವನು ಸಿಡ್ ಮೆಕ್‌ಕ್ರೇ ಎಂಬ ಗೆಳೆಯ. ಆರಂಭದ ದಿನಗಳಲ್ಲಿ ತಂಡದ ಗಾಯಕನೂ ಅವನೇ. ಕೇಳಿದ್ದೇ ತಡ, ದಾರಿ ಬದಲಾಯಿತು. ರಮೋನ್ಸ್‌ರ ಒಂದು ಹಾಡಿನಿಂದ ಬ್ಯಾಡ್ ಬ್ರೇನ್ಸ್ ಎಂಬ ಹೆಸರನ್ನೂ ಎತ್ತಿಕೊಂಡರು. ಅಲ್ಲಿಗೆ ವಿಚಿತ್ರವಾದ ಒಂದು ಕೂಡಿಕೆ ಆಯಿತು. ಉಳಿದ ಪಂಕ್ ತಂಡಗಳು ವೇಗವಾಗಿ ನುಡಿಸಲು ಹೊರಟು ತಮ್ಮ ಕೈಯ ಮಿತಿಯನ್ನು ಮುಟ್ಟಿ ನಿಲ್ಲುತ್ತಿದ್ದವು. ಇವರಿಗೆ ಆ ಮಿತಿ ಬಹಳ ದೂರದಲ್ಲಿತ್ತು.

ಆ ಸದ್ದನ್ನು ಬಿಡಿಸಿ ಕೇಳಿದರೆ

ಗಡಿಯಾರದ ಸೆಕೆಂಡು ಮುಳ್ಳು ನಿಮಿಷಕ್ಕೆ 60 ಸಲ ಮಿಡಿಯುತ್ತದೆ. ಸಾಮಾನ್ಯ ಜನಪ್ರಿಯ ಹಾಡಿನ ಲಯ ನಿಮಿಷಕ್ಕೆ 100ರಿಂದ 120 ಬಡಿತಗಳ ಆಸುಪಾಸಿನಲ್ಲಿರುತ್ತದೆ. ಹಾರ್ಡ್‌ಕೋರ್‌ನಲ್ಲಿ 200 ದಾಟುವುದು ಮಾಮೂಲು. ಡ್ರಮ್ಮಿನ ಮಾದರಿ ಸರಳ: ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಒಮ್ಮೆ, ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ ಒಮ್ಮೆ, ಎಡೆಬಿಡದೆ ಸರದಿಯಂತೆ. ಮಾದರಿ ಸರಳವಾದ್ದರಿಂದ ನುಡಿಸುವುದೂ ಸರಳ ಎಂದುಕೊಂಡರೆ ತಪ್ಪು. ಆ ವೇಗದಲ್ಲಿ ಒಂದೊಂದು ಪೆಟ್ಟೂ ಸಮ ಅಂತರದಲ್ಲಿ ಬೀಳಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೂ ಇಡೀ ಹಾಡು ಕುಸಿದಂತೆ ಕೇಳಿಸುತ್ತದೆ. ಅರ್ಲ್ ಹಡ್ಸನ್‌ನ ಡ್ರಮ್ಮಿನಲ್ಲಿ ಆ ಕುಸಿತ ಇಲ್ಲ.

ಇನ್ನು ಗಿಟಾರ್. ರಾಕ್‌ನಲ್ಲೂ ಪಂಕ್‌ನಲ್ಲೂ ಹೆಚ್ಚಾಗಿ ಬಳಸುವುದು ಪವರ್ ಕಾರ್ಡ್ ಎಂಬ ಸ್ವರಮೇಳ. ನಮ್ಮ ತಂಬೂರಿಯನ್ನು ನೆನೆಯಿರಿ: ಷಡ್ಜ, ಪಂಚಮ, ಮತ್ತೆ ಷಡ್ಜ. ಪವರ್ ಕಾರ್ಡ್ ಎಂದರೂ ಅಷ್ಟೇ, ಸ-ಪ-ಸ, ಆದರೆ ಒಂದೇ ಬಾರಿಗೆ ಮೀಟಿದ್ದು. ಅದರಲ್ಲಿ ಗಾಂಧಾರ ಇರುವುದಿಲ್ಲ. ಪಾಶ್ಚಾತ್ಯ ಸ್ವರಮೇಳದಲ್ಲಿ ಅಂತರ ಗಾಂಧಾರ ಸೇರಿದರೆ ಮೇಜರ್, ಸಾಧಾರಣ ಗಾಂಧಾರ ಸೇರಿದರೆ ಮೈನರ್. ಹಾಡಿನ ಉಲ್ಲಾಸವನ್ನೋ ವಿಷಾದವನ್ನೋ ನಿರ್ಧರಿಸುವ ಸ್ವರವೇ ಅದು. ಅದನ್ನು ಬಿಟ್ಟಾಗ ಭಾವ ತೆರೆದೇ ಉಳಿಯುತ್ತದೆ, ಸದ್ದು ಮಾತ್ರ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಬಿಡಲು ಇನ್ನೊಂದು ಕಾರಣವೂ ಇದೆ. ಆಂಪ್ಲಿಫೈಯರನ್ನು ಅದರ ಮಿತಿಗಿಂತ ಹೆಚ್ಚು ತಳ್ಳಿದಾಗ ಗಿಟಾರಿನ ನಾದ ಒಡೆದು ಒರಟಾಗುತ್ತದೆ. ಇದನ್ನು ಡಿಸ್ಟಾರ್ಷನ್ ಎನ್ನುತ್ತಾರೆ. ಆ ಒಡೆದ ನಾದದಲ್ಲಿ ಗಾಂಧಾರ ಸೇರಿಸಿದರೆ ಸ್ವರಗಳು ಕಲಸಿಹೋಗುತ್ತವೆ. ಷಡ್ಜ-ಪಂಚಮಗಳ ಸಂಬಂಧ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಜೊತೆಗೆ ಬೆರಳುಗಳ ಒಂದೇ ಹಿಡಿತವನ್ನು ಗಿಟಾರಿನ ಕತ್ತಿನ ಮೇಲೆ ಸರಿಸುತ್ತ ಹೋದರೆ ಸಾಕು, ಸ್ವರಮೇಳ ಬದಲಾಗುತ್ತದೆ. ಆ ವೇಗ ಸಾಧ್ಯವಾಗುವುದು ಇದರಿಂದಲೇ.

ಇಷ್ಟು ಎಲ್ಲ ಹಾರ್ಡ್‌ಕೋರ್ ತಂಡಗಳಿಗೂ ಅನ್ವಯಿಸುವ ಮಾತು. ಬ್ಯಾಡ್ ಬ್ರೇನ್ಸ್ ಇದರ ಮೇಲೆ ತಮ್ಮ ಜಾಝ್ ಫ್ಯೂಷನ್ ಕಲಿಕೆಯನ್ನು ಹೇರಿದರು. ನಾಗಾಲೋಟದ ಹಾಡು ಇದ್ದಕ್ಕಿದ್ದಂತೆ ನಿಲ್ಲುತ್ತದೆ, ನಾಲ್ವರೂ ಒಟ್ಟಿಗೆ; ಅರೆಕ್ಷಣದ ಮೌನ; ಮತ್ತೆ ನಾಲ್ವರೂ ಒಟ್ಟಿಗೆ ಹೊರಡುತ್ತಾರೆ, ಬೇರೆಯೇ ಗತಿಯಲ್ಲಿ. ಡಾಕ್ಟರ್ ನೋ ಪವರ್ ಕಾರ್ಡುಗಳ ನಡುವೆ ಕೆಲವೇ ಸೆಕೆಂಡುಗಳ, ಆದರೆ ಅಪ್ಪಟ ಕೈಚಳಕದ ಏಕವಾದನ ತುರುಕುತ್ತಾನೆ. ಜೆನಿಫರ್‌ನ ಬೇಸ್, ಡಾಕ್ಟರ್ ನೋನ ಗಿಟಾರನ್ನು ನೆರಳಿನಂತೆ ಹಿಂಬಾಲಿಸದೆ ತನ್ನದೇ ದಾರಿ ಹಿಡಿಯುತ್ತದೆ. ಎಚ್.ಆರ್. ಕಂಠವಂತೂ ಒಂದೇ ಸಾಲಿನಲ್ಲಿ ಪಿಸುಮಾತಿನಿಂದ ಇಂಪಾದ ಎಳೆತಕ್ಕೆ, ಅಲ್ಲಿಂದ ಚೀತ್ಕಾರಕ್ಕೆ ಜಿಗಿಯುತ್ತದೆ. ಹಾಡಿನ ಕೊನೆಯಲ್ಲಿ ಅವನು ಹಿಂದಕ್ಕೆ ಲಾಗ ಹಾಕಿ ಸರಿಯಾಗಿ ಕಡೆಯ ಪೆಟ್ಟಿಗೆ ಕಾಲೂರುತ್ತಿದ್ದುದನ್ನು ಕಂಡವರು ಇಂದಿಗೂ ಹೇಳುತ್ತಾರೆ.

1980ರಲ್ಲಿ ಬಂದ ಅವರ ಮೊದಲ ಸಿಂಗಲ್ ರೆಕಾರ್ಡು ಪೇ ಟು ಕಮ್. ಅವಧಿ ಸುಮಾರು ಒಂದೂವರೆ ನಿಮಿಷ. ಅಷ್ಟರಲ್ಲೇ ಒಂದು ಪೂರ್ತಿ ಹಾಡಿನ ಚರಣಗಳು, ತಿರುವುಗಳು, ಮುಕ್ತಾಯ ಎಲ್ಲವೂ ಮುಗಿದಿರುತ್ತವೆ.

ಅವರು ಹಾಡಿದ್ದು ಏನನ್ನು?

ಪಂಕ್ ಎಂದರೆ ಹತಾಶೆ ಎಂಬ ಗ್ರಹಿಕೆ ಬ್ರಿಟನ್ನಿನ ತಂಡಗಳಿಂದ ಬಂದದ್ದು. ಭವಿಷ್ಯವೇ ಇಲ್ಲ ಎನ್ನುವುದು ಅವರ ಘೋಷಣೆಯಾಗಿತ್ತು. ಬ್ಯಾಡ್ ಬ್ರೇನ್ಸ್ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ನಿಂತರು. ಎಚ್.ಆರ್. ಮೇಲೆ ಗಾಢ ಪ್ರಭಾವ ಬೀರಿದ್ದು 1937ರಲ್ಲಿ ನೆಪೋಲಿಯನ್ ಹಿಲ್ ಬರೆದ ಥಿಂಕ್ ಅಂಡ್ ಗ್ರೋ ರಿಚ್. ಹೌದು, ನಮ್ಮ ರೈಲು ನಿಲ್ದಾಣಗಳ ಪುಸ್ತಕದಂಗಡಿಯಲ್ಲೂ ಕಾಣುವ, ಹಣ ಗಳಿಸುವ ಮನೋಬಲದ ಬಗೆಗಿನ ಅದೇ ಪುಸ್ತಕ. ಹಿಲ್ ಅವರ ಚಿಂತನೆಯಿಂದ ಧನಾತ್ಮಕ ಮನೋಭಾವ ಎಂಬ ವಿಚಾರವನ್ನು ಎತ್ತಿಕೊಂಡು ಎಚ್.ಆರ್. ಅದನ್ನು ಪಿ.ಎಂ.ಎ. (ಪಾಸಿಟಿವ್ ಮೆಂಟಲ್ ಆಟಿಟ್ಯೂಡ್) ಎಂಬ ಮೂರಕ್ಷರದ ಕೂಗನ್ನಾಗಿ ಮಾಡಿದ. ಯಾರು ಏನೇ ಮಾಡಲಿ, ನಮ್ಮ ಮನೋಭಾವ ನಮ್ಮ ಕೈಯಲ್ಲಿದೆ ಎಂಬ ಅರ್ಥದ ಹಾಡುಗಳು ಹುಟ್ಟಿದವು. ಆ ಮೂರಕ್ಷರಗಳನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡವರು ಇಂದಿಗೂ ಹಾರ್ಡ್‌ಕೋರ್ ಕಛೇರಿಗಳಲ್ಲಿ ಸಿಗುತ್ತಾರೆ.

ರೆಗೆ ಎಲ್ಲಿಂದ ಬಂತು?

ಬ್ಯಾಡ್ ಬ್ರೇನ್ಸ್ ಆಲ್ಬಮ್ ಮೊದಲ ಸಲ ಕೇಳುವವರು ಗೊಂದಲಕ್ಕೊಳಗಾಗುವುದು ಇಲ್ಲಿ. ಮೂರು ನಾಲ್ಕು ಬಿರುಗಾಳಿಯಂಥ ಹಾಡುಗಳ ನಂತರ ಒಮ್ಮೆಲೇ ನಿಧಾನವಾದ, ತೂಗುವಂಥ ಹಾಡು ಬರುತ್ತದೆ. ಬೇರೆ ಯಾರದೋ ಆಲ್ಬಮ್ ಸೇರಿಕೊಂಡಿತೇ ಎನಿಸುತ್ತದೆ.

ಬಾಬ್ ಮಾರ್ಲಿಯ ಕಛೇರಿ ನೋಡಿದ ಮೇಲೆ ತಂಡದ ಒಲವು ಜಮೈಕಾದ ರೆಗೆ ಸಂಗೀತದತ್ತ, ಅದರೊಂದಿಗೆ ರಾಸ್ತಫಾರಿ ನಂಬಿಕೆಯತ್ತ ತಿರುಗಿತು. ರಾಸ್ತಫಾರಿ 1930ರ ದಶಕದಲ್ಲಿ ಜಮೈಕಾದಲ್ಲಿ ಹುಟ್ಟಿದ ಧಾರ್ಮಿಕ ಪಂಥ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ವಂಶಜರು ಆಫ್ರಿಕಾವನ್ನೇ ತಮ್ಮ ತವರೆಂದು ಭಾವಿಸಿದ, 1930ರಲ್ಲಿ ಪಟ್ಟಕ್ಕೇರಿದ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯಲ್ಲಿ ದೈವವನ್ನು ಕಂಡ ಪಂಥವದು. ಅವರು ದೇವರನ್ನು ಜಾ ಎಂದು ಕರೆಯುತ್ತಾರೆ. ತಮ್ಮನ್ನು ತುಳಿದ ವ್ಯವಸ್ಥೆಗೆ ಬೈಬಲ್ಲಿನಿಂದ ಎತ್ತಿದ ಬ್ಯಾಬಿಲಾನ್ ಎಂಬ ಹೆಸರು. ಜಡೆಗಟ್ಟಿದ ಕೂದಲು ನಿಷ್ಠೆಯ ಗುರುತು.

ರೆಗೆಯ ಲಯ ಹಾರ್ಡ್‌ಕೋರ್‌ಗೆ ಪೂರ್ತಿ ತದ್ವಿರುದ್ಧ. ನಿಧಾನವಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ರಾಕ್‌ನಲ್ಲಿ ಒಂದಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ರೆಗೆಯ ಒಂದು ಮುಖ್ಯ ಮಾದರಿಯಲ್ಲಿ ಒಂದು ಖಾಲಿ, ಭಾರವೆಲ್ಲ ಮೂರಕ್ಕೆ. ಗಿಟಾರು ಎರಡು ಮತ್ತು ನಾಲ್ಕಕ್ಕೆ ಚಿಕ್ಕದಾಗಿ ಕತ್ತರಿಸಿದಂತೆ ನುಡಿಯುತ್ತದೆ. ಹಾಡನ್ನು ಮುನ್ನಡೆಸುವುದು ಬೇಸ್. ಎಣಿಕೆಯ ಆರಂಭದಲ್ಲೇ ಬಿಟ್ಟ ಆ ಖಾಲಿ ಜಾಗದಿಂದ ತೂಗಾಟ ಹುಟ್ಟುತ್ತದೆ.

ಅದೇ ನಾಲ್ವರು ಅದೇ ವಾದ್ಯಗಳಲ್ಲಿ ಎರಡನ್ನೂ ನುಡಿಸಿದರು. ಎರಡನ್ನೂ ಬೆರೆಸಿ ಒಂದು ಹದವಾದ ಮಿಶ್ರಣ ಮಾಡಲು ಹೋಗದೆ, ಒಂದರ ಪಕ್ಕ ಒಂದನ್ನು ಇಟ್ಟರು. ನನ್ನ ಮಟ್ಟಿಗೆ ಅವರ ಅತಿ ದಿಟ್ಟ ನಿರ್ಧಾರ ಇದೇ. ಒಂದರ ಬಿರುಸು ಅರ್ಥವಾಗಬೇಕಾದರೆ ಇನ್ನೊಂದರ ನಿಧಾನ ಬೇಕು. ಇದು ಹಾರ್ಡ್‌ಕೋರ್‌ನ ವ್ಯಾಕರಣಕ್ಕೂ ಒಂದು ಪಾಠವನ್ನು ಬಿಟ್ಟುಹೋಯಿತು: ವೇಗದ ಹಾಡಿನ ನಡುವೆ ಗತಿಯನ್ನು ಥಟ್ಟನೆ ಅರ್ಧಕ್ಕಿಳಿಸಿ ಭಾರವಾಗಿ ನುಡಿಸುವ ಭಾಗ. ಬ್ರೇಕ್‌ಡೌನ್ ಎನ್ನುವ ಈ ಭಾಗವಿಲ್ಲದೆ ಇಂದಿನ ಹಾರ್ಡ್‌ಕೋರ್ ಹಾಡನ್ನು ಊಹಿಸಿಕೊಳ್ಳುವುದು ಕಷ್ಟ.

ಊರು ಬಿಡಿಸಿದ ಊರು

ವಾಷಿಂಗ್ಟನ್ ಆಗ ಕಪ್ಪುವರ್ಣೀಯರೇ ಬಹುಸಂಖ್ಯಾತರಾಗಿದ್ದ ನಗರ. ಆದರೆ ಪಂಕ್ ನೋಡಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಬಿಳಿಯರ ಮಕ್ಕಳು. ಈ ಗೋಡೆಯನ್ನು ದಾಟಲು ಬ್ಯಾಡ್ ಬ್ರೇನ್ಸ್ 1979ರಲ್ಲಿ ನಗರದ ವ್ಯಾಲಿ ಗ್ರೀನ್ ಎಂಬ ಬಡವರ ಸರಕಾರಿ ವಸತಿ ಸಮುಚ್ಚಯದ ಬಯಲಿನಲ್ಲಿ ನುಡಿಸಿದರು. ಲೂಸಿಯನ್ ಪರ್ಕಿನ್ಸ್ ತೆಗೆದ ಅದರ ಛಾಯಾಚಿತ್ರಗಳಿವೆ. ತಮ್ಮ ಅಂಗಳಕ್ಕೆ ಬಂದ ಈ ಸದ್ದನ್ನು ಅಲ್ಲಿನ ಮಕ್ಕಳು ಬೆರಗಿನಿಂದ ನೋಡುತ್ತಿರುವುದು ಅವುಗಳಲ್ಲಿ ಕಾಣುತ್ತದೆ.

ಅದೇ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ನುಡಿಸುವ ಆಸೆಯಿಂದ ವಿಮಾನ ಹತ್ತಿದರು. ದೇಶದೊಳಗೆ ಪ್ರವೇಶ ಸಿಗದೆ ಹಿಂದಿರುಗಬೇಕಾಯಿತು. ವಾದ್ಯಗಳನ್ನೂ ಕಳ್ಳತನದಲ್ಲಿ ಕಳೆದುಕೊಂಡರು. ಇತ್ತ ವಾಷಿಂಗ್ಟನ್ನಿನ ಕ್ಲಬ್ಬುಗಳು ಇವರ ಕಛೇರಿಯ ನೂಕುನುಗ್ಗಲಿಗೆ ಹೆದರಿ ಬಾಗಿಲು ಮುಚ್ಚತೊಡಗಿದವು. ಡಿ.ಸಿ.ಯಲ್ಲಿ ತಮಗೆ ನಿಷೇಧ ಎಂಬ ಅರ್ಥದ ಹಾಡು ಹುಟ್ಟಿದ್ದು ಆಗ. 1981ರ ಹೊತ್ತಿಗೆ ತಂಡ ನ್ಯೂಯಾರ್ಕ್‌ಗೆ ನೆಲೆ ಬದಲಿಸಿತು. ಸಿಬಿಜಿಬಿ ಎಂಬ ಕ್ಲಬ್ಬಿನಲ್ಲಿ ಅವರು ನೀಡಿದ ಕಛೇರಿಗಳು ಅಲ್ಲಿನ ಹೊಸ ಪೀಳಿಗೆಗೆ ಪಾಠಶಾಲೆಯಾದವು.

ಮೊದಲ ಆಲ್ಬಮ್ ಹೊರಬಂದದ್ದು 1982ರ ಫೆಬ್ರುವರಿಯಲ್ಲಿ, ಕ್ಯಾಸೆಟ್ ರೂಪದಲ್ಲಿ ಮಾತ್ರ. ಪ್ರಕಟಿಸಿದ ರಾಯರ್ ಎಂಬ ನ್ಯೂಯಾರ್ಕ್ ಸಂಸ್ಥೆ ಕ್ಯಾಸೆಟ್ಟುಗಳಿಗೇ ಮೀಸಲಾಗಿತ್ತು. ಮುಖಪುಟದಲ್ಲಿ ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಬಡಿಯುತ್ತಿರುವ ಸಿಡಿಲು. ಬಣ್ಣಗಳು ರಾಸ್ತಫಾರಿಗಳ ಕೆಂಪು, ಹಳದಿ, ಹಸಿರು. ಆ ಹಳದಿ ಕ್ಯಾಸೆಟ್ ಕೈಯಿಂದ ಕೈಗೆ ನಕಲಾಗುತ್ತ ಹರಡಿತು.

ಇವರನ್ನು ಕೇಳಿ ಬೆಳೆದವರು

ವಾಷಿಂಗ್ಟನ್ನಿನಲ್ಲಿ ಇವರ ಕಛೇರಿಗಳ ಮುಂದಿನ ಸಾಲಿನಲ್ಲಿ ಇಯಾನ್ ಮೆಕೇ ಮತ್ತು ಹೆನ್ರಿ ರಾಲಿನ್ಸ್ ಎಂಬ ಇಬ್ಬರು ಗೆಳೆಯರಿದ್ದರು. ಮೆಕೇ 1980ರಲ್ಲಿ ಮೈನರ್ ಥ್ರೆಟ್ ತಂಡವನ್ನೂ ಗೆಳೆಯರೊಡಗೂಡಿ ಡಿಸ್ಕಾರ್ಡ್ ಎಂಬ ರೆಕಾರ್ಡ್ ಸಂಸ್ಥೆಯನ್ನೂ ಕಟ್ಟಿದ. ಕುಡಿತ, ಮಾದಕ ವಸ್ತುಗಳಿಂದ ದೂರವಿರುವ ಸ್ಟ್ರೇಟ್ ಎಡ್ಜ್ ಎಂಬ ಜೀವನಕ್ರಮಕ್ಕೆ ಹೆಸರು ಬಂದದ್ದು ಆ ತಂಡದ ಹಾಡಿನಿಂದ. ರಾಲಿನ್ಸ್ ಕ್ಯಾಲಿಫೋರ್ನಿಯಕ್ಕೆ ಹೋಗಿ ಬ್ಲ್ಯಾಕ್ ಫ್ಲ್ಯಾಗ್‌ನ ಗಾಯಕನಾದ. ನ್ಯೂಯಾರ್ಕ್‌ನಲ್ಲಿ ಇವರನ್ನು ಕೇಳಿದವರಲ್ಲಿ ಬೀಸ್ಟಿ ಬಾಯ್ಸ್ ಇದ್ದರು. ರ‍್ಯಾಪ್‌ಗೆ ಹೊರಳುವ ಮೊದಲು ಅವರದೂ ಹಾರ್ಡ್‌ಕೋರ್ ತಂಡ. ಆ ತಂಡದ ಆಡಮ್ ಯಾಕ್ 2007ರಲ್ಲಿ ಬ್ಯಾಡ್ ಬ್ರೇನ್ಸ್‌ರ ಬಿಲ್ಡ್ ಎ ನೇಷನ್ ಆಲ್ಬಮ್ಮನ್ನು ತಾನೇ ಮುಂದೆ ನಿಂತು ನಿರ್ಮಿಸಿದ. ನಿರ್ವಾಣ ತಂಡದ ಡ್ರಮ್ಸ್ ವಾದಕ ಡೇವ್ ಗ್ರೋಲ್ ವಾಷಿಂಗ್ಟನ್ ಸುತ್ತಲಿನ ಇದೇ ಹಾರ್ಡ್‌ಕೋರ್ ವಲಯದಿಂದ ಬಂದವನು.

ಹೆವಿ ಮೆಟಲ್‌ಗೂ ಹಾರ್ಡ್‌ಕೋರ್‌ನ ವೇಗ ಹರಿದುಹೋಯಿತು. 1980ರ ದಶಕದಲ್ಲಿ ಥ್ರ್ಯಾಶ್ ಮೆಟಲ್ ಹುಟ್ಟಿದ್ದೇ ಮೆಟಲ್‌ನ ಭಾರಕ್ಕೆ ಹಾರ್ಡ್‌ಕೋರ್‌ನ ಧಾವಂತ ಸೇರಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಥ್ರ್ಯಾಶ್ ಮೆಟಲ್‌ನ ಪ್ರಮುಖ ತಂಡ ಮೆಟಾಲಿಕಾವನ್ನು ಕೇಳಲು ಸೇರಿದ್ದ ಸಾವಿರಾರು ಜನ ಈ ಧಾರೆಯ ಒಂದು ಕವಲನ್ನೇ ಕೇಳಿದರು. ಬ್ರಿಟನ್ನಿನ ಹಾರ್ಡ್‌ಕೋರ್ ತಂಡ ಡಿಸ್ಚಾರ್ಜ್‌ನ ಹಾಡುಗಳನ್ನು ಮೆಟಾಲಿಕಾ 1998ರ ತಮ್ಮ ಆಲ್ಬಮ್ಮಿನಲ್ಲಿ ಮತ್ತೆ ನುಡಿಸಿ ಆ ಋಣವನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿದೆ.

ಒಪ್ಪಲಾಗದ ಸಂಗತಿಯೂ ಇದೆ

ಮೆಚ್ಚುವವರು ಇದನ್ನು ಮುಚ್ಚಿಡಬಾರದು. ರಾಸ್ತಫಾರಿ ನಂಬಿಕೆಯ ಕಟ್ಟುನಿಟ್ಟಿನ ವ್ಯಾಖ್ಯಾನವನ್ನು ಹಿಡಿದಿದ್ದ ದಿನಗಳಲ್ಲಿ ತಂಡ ಸಲಿಂಗಿಗಳ ವಿರುದ್ಧ ಕಟುವಾಗಿ ನಡೆದುಕೊಂಡಿತು. 1982ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬಿಗ್ ಬಾಯ್ಸ್ ತಂಡದ ಸಲಿಂಗಿ ಗಾಯಕನೊಂದಿಗೆ ನಡೆದ ಜಗಳದಿಂದ ಅಮೆರಿಕದ ಹಾರ್ಡ್‌ಕೋರ್ ವಲಯವೇ ಇವರ ಮೇಲೆ ತಿರುಗಿಬಿತ್ತು. 1989ರ ಕ್ವಿಕ್‌ನೆಸ್ ಆಲ್ಬಮ್ಮಿನ ಒಂದು ಹಾಡೂ ಇದೇ ಧೋರಣೆಯದು. ಎಲ್ಲರನ್ನೂ ಒಳಗೊಳ್ಳುತ್ತೇವೆ ಎಂದು ಹಾಡಿದವರು ಕೆಲವರನ್ನು ಹೊರಗಿಟ್ಟದ್ದು ಆ ಕಾಲದಲ್ಲೂ ತಪ್ಪಾಗಿತ್ತು. ಅದನ್ನು ಆಗಲೇ ಹೇಳಿದವರಿದ್ದರು.

ಎಚ್.ಆರ್. ಹಲವು ಸಲ ತಂಡ ಬಿಟ್ಟು ಮರಳಿದ. 1986ರ ಐ ಅಗೇನ್‌ಸ್ಟ್ ಐ ಆಲ್ಬಮ್ ಸಿದ್ಧವಾಗುವಾಗ ಗಾಂಜಾ ಪ್ರಕರಣದಲ್ಲಿ ಸೆರೆಮನೆ ಸೇರಿದ್ದರಿಂದ ಒಂದು ಹಾಡನ್ನು ಅಲ್ಲಿಂದಲೇ ಫೋನ್ ಮೂಲಕ ಹಾಡಿದ. ಆ ದನಿಯ ಫೋನಿನ ಕರಕರ ಆಲ್ಬಮ್ಮಿನಲ್ಲಿ ಹಾಗೆಯೇ ಉಳಿದಿದೆ. ಮುಂದೆ ತೀವ್ರ ತಲೆಶೂಲೆಯ ಅಪರೂಪದ ಕಾಯಿಲೆ ಅವನನ್ನು ಕಾಡಿತು. 2017ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು. ಡಾಕ್ಟರ್ ನೋ 2015ರ ಹೃದಯಾಘಾತದಿಂದ ಚೇತರಿಸಿಕೊಂಡ. ಸಿಡ್ ಮೆಕ್‌ಕ್ರೇ 2020ರಲ್ಲಿ ತೀರಿಕೊಂಡ.

ಕೇಳುವುದಾದರೆ ಎಲ್ಲಿಂದ?

1982ರ ಆ ಕ್ಯಾಸೆಟ್ಟಿನ ಹಾಡುಗಳು ಈಗ ಅಂತರ್ಜಾಲದ ಸಂಗೀತ ತಾಣಗಳಲ್ಲಿ ಸಿಗುತ್ತವೆ. ಇಡೀ ಆಲ್ಬಮ್ ಮುಕ್ಕಾಲು ಗಂಟೆಯನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ಸಾಹಿತ್ಯದ ಗೊಡವೆಗೆ ಹೋಗಬೇಡಿ. ಡ್ರಮ್ಮನ್ನು ಮಾತ್ರ ಹಿಡಿದು ಕೇಳಿ. ನಾಲ್ವರೂ ಒಟ್ಟಿಗೆ ನಿಲ್ಲುವ ಜಾಗಗಳನ್ನು ಗುರುತಿಸಿ. ಎರಡನೆಯ ಸಲ ಜೆನಿಫರ್‌ನ ಬೇಸ್ ಅನ್ನು ಹಿಂಬಾಲಿಸಿ, ವೇಗದ ಹಾಡಿನಿಂದ ರೆಗೆ ಹಾಡಿಗೆ ದಾಟುವಾಗ ಅದು ಹೇಗೆ ಬದಲಾಗುತ್ತದೆಂದು ಗಮನಿಸಿ. ಆಮೇಲೆ ಮಹಾವಿಷ್ಣು ಆರ್ಕೆಸ್ಟ್ರಾದ 1971ರ ಮೊದಲ ಆಲ್ಬಮ್ ಹಾಕಿಕೊಂಡರೆ, ಆ ಹುಡುಗರು ಯಾವ ಗರಡಿಯಿಂದ ಬಂದವರೆಂದು ಕಿವಿಗೇ ತಿಳಿಯುತ್ತದೆ.